ಮನಸ್ಸೂ ಒಂದು ಇಂದ್ರಿಯ

ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಸುತ್ತ ನಮ್ಮ ಸಮಾಜದ ಅನೇಕ ಕುಟುಂಬಗಳು ಉದ್ಯೋಗನಿಮಿತ್ತ ನೆಲೆಸಿವೆ. ಈ ಮನೆಗಳಲ್ಲಿ ಮಗನಿಗೆ ಜ್ವರ ಬಂದರೆ ಸಂಜೆಯೊಳಗೆ ವೈದ್ಯರನ್ನು ಕಾಣುತ್ತಾರೆ. ಅದೇ ಮಗನು ರಾತ್ರಿಪಾಳಿಯಿಂದ ಬಂದು ಹಗಲೂ ನಿದ್ರಿಸದೆ, ಊಟ ಬೇಡವೆಂದು, ಸಂಧ್ಯಾವಂದನೆಯನ್ನೂ ಬಿಟ್ಟು, ತಿಂಗಳುಗಟ್ಟಲೆ ಕೋಣೆಯ ಬಾಗಿಲು ಹಾಕಿಕೊಂಡು ಕುಳಿತರೆ ಸೋಮಾರಿತನವೆಂದು ಒಬ್ಬರು, ಗ್ರಹಚಾರವೆಂದು ಇನ್ನೊಬ್ಬರು, ಮದುವೆಯಾದರೆ ಸರಿಹೋಗುವುದೆಂದು ಮತ್ತೊಬ್ಬರು ಹೇಳುತ್ತಾರೆ. ವೈದ್ಯರ ಮಾತು ಮಾತ್ರ ಯಾರ ಬಾಯಿಂದಲೂ ಬರುವುದಿಲ್ಲ. ಶಾಂತಿ ಮಾಡಿಸಲು ಬಂದ ತಾಯಂದಿರು ಸಂಕಲ್ಪಕ್ಕೆ ಗೋತ್ರ, ನಕ್ಷತ್ರಗಳನ್ನು ಹೇಳಿ, ಯಾರಿಗಾಗಿ ಎಂದರೆ "ಊರಿನ ಕಡೆಯ ಬಂಧುಗಳೊಬ್ಬರಿಗೆ" ಎನ್ನುವುದನ್ನು ನಾವು ಕೇಳಿಬಲ್ಲೆವು.

ಈ ಮುಚ್ಚುಮರೆಯ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಗಳಿದ್ದಾಳೆ. ಅಣ್ಣನು ಹೊಸೂರು ರಸ್ತೆಯ ಆಸ್ಪತ್ರೆಗೆ ಹೋದನೆಂದು ತಿಳಿದರೆ ಜಾತಕ ಹಿಂದಿರುಗುವುದು. ಅಲ್ಲಿನ ಹುಚ್ಚಾಸ್ಪತ್ರೆಗೆ ಮೈಸೂರು ಸರ್ಕಾರವು 1925ರಲ್ಲಿಯೇ ಮಾನಸಿಕ ಆಸ್ಪತ್ರೆಯೆಂದು ಹೆಸರು ಬದಲಿಸಿತು. 1974ರಲ್ಲಿ ಅದು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೊಡನೆ ಸೇರಿ ನಿಮ್ಹಾನ್ಸ್ ಆಯಿತು. ಜನರ ನಾಲಗೆಯ ಮೇಲೆ ಮಾತ್ರ ಹಳೆಯ ಹೆಸರೇ ಉಳಿದಿದೆ. ಆ ಸಂಸ್ಥೆಯು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಂತೆ ಮಾನಸಿಕ ರೋಗಿಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ವೈದ್ಯರ ಕೊರತೆಯೂ ಇದಕ್ಕೆ ಕಾರಣವೆನ್ನೋಣ. ಆದರೆ ಬೆಂಗಳೂರಿನಲ್ಲಿರುವ ನಾವು ಆ ನೆಪವನ್ನು ಹೇಳುವಂತಿಲ್ಲ.

ಈ ನಾಚಿಕೆಗೆ ಶಾಸ್ತ್ರದ ಆಧಾರವುಂಟೆ? ನಮ್ಮ ಸಿದ್ಧಾಂತದಲ್ಲಿ ಮನಸ್ಸು ಆತ್ಮವಲ್ಲ, ಇಂದ್ರಿಯ. ಶ್ರೀ ಜಯತೀರ್ಥರ ಪ್ರಮಾಣಪದ್ಧತಿಯ ಪಾಠವಾದವರು ಬಲ್ಲರು: ಸಾಕ್ಷಿಯು ಜೀವನ ಸ್ವರೂಪೇಂದ್ರಿಯ, ನಿರ್ದೋಷವಾದುದು; ಮನಸ್ಸಾದರೋ ಕಣ್ಣುಕಿವಿಗಳಂತೆ ಪ್ರಾಕೃತ, ದೋಷಕ್ಕೆ ಒಳಗಾಗತಕ್ಕದ್ದು. ಕಾಮಾಲೆಯಾದವನಿಗೆ ಬಿಳಿಯ ಶಂಖವೂ ಹಳದಿಯಾಗಿ ಕಾಣುವುದೆಂಬುದು ಪಾಠಶಾಲೆಯ ಹಳೆಯ ದೃಷ್ಟಾಂತ. ಅವನನ್ನು ಸುಳ್ಳುಗಾರನೆಂದೋ ಭಕ್ತಿಹೀನನೆಂದೋ ಯಾರೂ ಬೈಯುವುದಿಲ್ಲ, ಮದ್ದು ಕೊಡುತ್ತಾರೆ. ಖಿನ್ನತೆಯಲ್ಲಿ ಮುಳುಗಿದವನಿಗೆ ತಾನು ಯಾರಿಗೂ ಬೇಡದವನೆಂದು ತೋರುವುದೂ ಅಂಥ ಹಳದಿ ಶಂಖವೇ. ಅದರಿಂದ ಅವನ ಸ್ವರೂಪಕ್ಕೆ ಕಳಂಕವಿಲ್ಲ, ಕುಲಕ್ಕಂತೂ ಇಲ್ಲವೇ ಇಲ್ಲ. "ದೇವರಲ್ಲಿ ನಂಬಿಕೆಯಿದ್ದಿದ್ದರೆ ಹೀಗಾಗುತ್ತಿತ್ತೆ" ಎಂಬ ಹಿರಿಯರ ಮಾತು ರೋಗಿಗೆ ಬೀಳುವ ಎರಡನೆಯ ಪೆಟ್ಟು.

ಚರಕಸಂಹಿತೆಯ ಸೂತ್ರಸ್ಥಾನವು ಚಿಕಿತ್ಸೆಯನ್ನು ಮೂರು ವಿಧವಾಗಿ ಹೇಳಿದೆ. ಮಂತ್ರ, ಹೋಮ, ನಿಯಮಾದಿಗಳು ದೈವವ್ಯಪಾಶ್ರಯ. ಆಹಾರೌಷಧಗಳ ಯೋಜನೆಯು ಯುಕ್ತಿವ್ಯಪಾಶ್ರಯ. ಅಹಿತವಿಷಯಗಳಿಂದ ಮನಸ್ಸನ್ನು ತಡೆಯುವುದು ಸತ್ತ್ವಾವಜಯ. ಇಂದಿನ ಆಪ್ತಸಮಾಲೋಚನೆಯು ಈ ಮೂರನೆಯದಕ್ಕೆ ಸಮೀಪವಾದುದು. ದೇವಸ್ಥಾನದ ಸೇವೆಯನ್ನು ವೈದ್ಯರು ಅಲ್ಲಗಳೆಯುವರೆಂಬ ಭಯವೂ ಬೇಡ. ತಮಿಳುನಾಡಿನ ಮುತ್ತುಸ್ವಾಮಿ ದೇವಾಲಯದಲ್ಲಿ ಮನೆಯವರೊಡನೆ ಕೆಲವು ವಾರ ತಂಗಿದ್ದ 31 ರೋಗಿಗಳನ್ನು ನಿಮ್ಹಾನ್ಸಿನ ವೈದ್ಯರೇ ಪರೀಕ್ಷಿಸಿ, ರೋಗಲಕ್ಷಣಗಳು ಸುಮಾರು ಐದರಲ್ಲೊಂದು ಪಾಲು ತಗ್ಗಿದ್ದುದನ್ನು 2002ರಲ್ಲಿ ಪ್ರಕಟಿಸಿದರು. ಅಲ್ಲಿ ವಿಶೇಷ ವಿಧಿಯೇನೂ ಇರಲಿಲ್ಲ. ನಿತ್ಯದ ಪೂಜೆ, ಸಣ್ಣಪುಟ್ಟ ಕೆಲಸ, ಆದರದ ಆಶ್ರಯ, ಇಷ್ಟೇ.

ಆದುದರಿಂದ ಮಂತ್ರಾಲಯದ ಸೇವೆಯನ್ನು ಅವಶ್ಯವಾಗಿ ಮಾಡಲಿ, ಆದರೆ ವೈದ್ಯರು ಕೊಟ್ಟ ಮಾತ್ರೆಯನ್ನು ತಾನಾಗಿ ನಿಲ್ಲಿಸದಿರಲಿ. ಲಿಥಿಯಂ ಸೇವಿಸುವವರು ನಿರ್ಜಲ ಏಕಾದಶಿಯನ್ನು ವೈದ್ಯರನ್ನು ಕೇಳದೆ ಆಚರಿಸಬಾರದು. ದೇಹದಲ್ಲಿ ನೀರು ಕಡಿಮೆಯಾದರೆ ಆ ಔಷಧವು ರಕ್ತದಲ್ಲಿ ಏರಿ ವಿಷವಾಗಬಲ್ಲದು. ರೋಗಿಗೆ ಉಪವಾಸದಲ್ಲಿ ವಿನಾಯಿತಿಯುಂಟೆಂದು ಬೇರೆ ಹೇಳಬೇಕೆ?

ಹೆಸರು ಹೊರಬೀಳುವ ಭಯವುಳ್ಳವರು ತಿಳಿಯಬೇಕಾದುದೊಂದಿದೆ. 2017ರ ಮಾನಸಿಕ ಆರೋಗ್ಯರಕ್ಷಣಾ ಕಾಯಿದೆಯು ರೋಗಿಯ ವಿಷಯವನ್ನು ಗೋಪ್ಯವಾಗಿಡುವ ಹೊಣೆಯನ್ನು ವೈದ್ಯರ ಮೇಲೆ ಹೊರಿಸಿದೆ. ಪೀಣ್ಯದ ಕಾರ್ಖಾನೆಗಳಲ್ಲಿ ಇ.ಎಸ್.ಐ. ವಿಮೆಯುಳ್ಳವರಿಗೆ ಚಿಕಿತ್ಸೆಯು ಉಚಿತ. ತೀವ್ರ ಮನೋರೋಗಗಳು ದೀರ್ಘಕಾಲದ ಕಾಯಿಲೆಗಳ ಪಟ್ಟಿಯಲ್ಲಿರುವುದರಿಂದ ಅರ್ಹರಾದವರಿಗೆ ರಜೆಯಲ್ಲಿಯೂ ನೂರಕ್ಕೆ 80ರಷ್ಟು ವೇತನ ದೊರೆಯುವುದು. ಆಸ್ಪತ್ರೆಯ ಮೆಟ್ಟಿಲು ಹತ್ತಲು ಇನ್ನೂ ಹಿಂಜರಿಯುವವರಿಗೆ 2022ರ ಅಕ್ಟೋಬರ್ 10ರಿಂದ ಟೆಲಿ-ಮಾನಸ್ ಎಂಬ ಸರ್ಕಾರಿ ದೂರವಾಣಿ ಸೇವೆಯಿದೆ. ಸಂಖ್ಯೆ 14416, ಹಗಲಿರುಳೂ ಕನ್ನಡದಲ್ಲಿ ಮಾತನಾಡಬಹುದು. ಮಗನು ಒಪ್ಪದಿದ್ದರೆ ಮೊದಲು ತಾಯಿತಂದೆಗಳೇ ಕರೆ ಮಾಡಿ, ಅವನೊಡನೆ ಹೇಗೆ ಮಾತು ಆರಂಭಿಸಬೇಕೆಂದು ಕೇಳಬಹುದು.