ರೇಡಿಯೋ ನಿಯಂತ್ರಿತ ಓಟದ ಟ್ರಕ್ಕು: ಅದನ್ನು ಅಣಿಗೊಳಿಸುವ ಹಾಗೂ ಹದಗೊಳಿಸುವ ಕ್ರಮ

ಪೀಠಿಕೆ

ಚಚಡಿಯಂತಹ ಊರಿನಲ್ಲಿ ಬೆಳೆದ ವಿದ್ಯಾರ್ಥಿಗೆ ಗಾಡಿಯ ಓಟವು ಹೊಸ ಸಂಗತಿಯಲ್ಲ. ಕಾರಹುಣ್ಣಿಮೆಯಂದು ಎತ್ತುಗಳು ಕರಿ ಹರಿಯುವುದನ್ನೂ ಜಾತ್ರೆಗಳಲ್ಲಿ ಚಕ್ಕಡಿಗಳ ಶರ್ಯತ್ತು ನಡೆಯುವುದನ್ನೂ ನಮ್ಮ ಸೀಮೆಯವರು ಬಾಲ್ಯದಿಂದಲೇ ಕಂಡವರು. ಶರ್ಯತ್ತಿಗೆ ಹೊರಡುವ ಮುನ್ನ ಅನುಭವಿಯಾದ ರೈತನು ಎತ್ತಿನ ಮೈ ತಡವುವಷ್ಟೇ ಶ್ರದ್ಧೆಯಿಂದ ಗಾಲಿಯನ್ನು ತಿರುಗಿಸಿ ನೋಡುತ್ತಾನೆ, ಅಚ್ಚಿಗೆ ಕೀಲೆಣ್ಣೆ ಹಾಕುತ್ತಾನೆ, ಕಡೆಗೀಲು ಭದ್ರವಾಗಿದೆಯೇ ಎಂದು ಪರೀಕ್ಷಿಸುತ್ತಾನೆ. ಓಟದ ಅರ್ಧ ಗೆಲುವು ಓಟಕ್ಕೆ ಮೊದಲೇ ನಿರ್ಧಾರವಾಗುತ್ತದೆ ಎಂಬುದು ಅವನಿಗೆ ಗೊತ್ತು.

ಇದೇ ತತ್ತ್ವವನ್ನು ಇಂದಿನ ಒಂದು ಯಂತ್ರದಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ. ರೇಡಿಯೋ ಅಲೆಗಳಿಂದ ನಿಯಂತ್ರಿತವಾಗಿ, ಹದಗೆಟ್ಟ ಮಣ್ಣಿನ ದಾರಿಯಲ್ಲಿ ಓಡುವ ಪುಟ್ಟ ಟ್ರಕ್ಕೇ ಆ ಯಂತ್ರ. ಇದನ್ನು ಆಟಿಕೆಯೆಂದು ತಳ್ಳಿಹಾಕುವವರುಂಟು. ಆದರೆ ವಿದ್ಯುತ್ತು, ಯಂತ್ರಶಾಸ್ತ್ರ, ಘರ್ಷಣೆ, ಅಲೆಗಳು ಎಂದು ಪಠ್ಯಪುಸ್ತಕದಲ್ಲಿ ಬೇರೆ ಬೇರೆಯಾಗಿ ಕಲಿತ ಪಾಠಗಳೆಲ್ಲ ಒಂದೆಡೆ ಕೂಡಿ ದುಡಿಯುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉಪಕರಣಗಳು ವಿರಳ.

ಹಿನ್ನೆಲೆ

1895ರಲ್ಲಿ ಕಲಕತ್ತೆಯಲ್ಲಿ ಜಗದೀಶಚಂದ್ರ ಬೋಸರು ತಂತಿಯ ಸಂಪರ್ಕವಿಲ್ಲದೆ ದೂರದ ಗಂಟೆಯನ್ನು ಬಾರಿಸಿ ತೋರಿಸಿದರು. 1898ರಲ್ಲಿ ನಿಕೊಲಾ ಟೆಸ್ಲಾ ಅವರು ನ್ಯೂಯಾರ್ಕಿನಲ್ಲಿ ಒಂದು ಪುಟ್ಟ ದೋಣಿಯನ್ನು ರೇಡಿಯೋ ಅಲೆಗಳಿಂದ ನಡೆಸಿದರು. ಮಣ್ಣಿನ ದಾರಿಯಲ್ಲಿ ಓಡುವ ಮಾದರಿ ವಾಹನಗಳು ಜನಪ್ರಿಯವಾದದ್ದು ಬಹಳ ತಡವಾಗಿ. ಜಪಾನಿನ ತಮಿಯಾ ಕಂಪನಿಯ ರಫ್ ರೈಡರ್ 1979ರಲ್ಲಿಯೂ, ಅಮೆರಿಕದ ಆರ್‌ಸಿ10 1984ರಲ್ಲಿಯೂ ಬಂದವು. ಟ್ರಕ್ಕುಗಳ ಪ್ರತ್ಯೇಕ ಪಂದ್ಯಗಳು ಆಮೇಲೆ ಬೆಳೆದವು.

ಹಳೆಯ ಮಾದರಿಗಳು 27 ಮೆಗಾಹರ್ಟ್ಸ್ ಆವರ್ತನದಲ್ಲಿ ಕೆಲಸ ಮಾಡುತ್ತಿದ್ದವು. ಒಂದೇ ಹರಳನ್ನು ಇಬ್ಬರು ಬಳಸಿದರೆ ಒಬ್ಬನ ಕೈಯ ಆಜ್ಞೆಗೆ ಇನ್ನೊಬ್ಬನ ವಾಹನ ಓಡುವ ಪ್ರಮಾದವಿತ್ತು. ಇಂದಿನವು 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಬಳಸುತ್ತವೆ. ಪ್ರತಿಯೊಂದು ಪ್ರೇಷಕವೂ ತನ್ನ ಗ್ರಾಹಕದೊಡನೆ ಮಾತ್ರ ಗುರುತು ಬೆಸೆದುಕೊಳ್ಳುತ್ತದೆ. ಭಾರತ ಸರ್ಕಾರವು 2005ರ ನಿಯಮಗಳ ಮೂಲಕ ಈ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಉಪಕರಣಗಳಿಗೆ ಪರವಾನಗಿಯಿಂದ ವಿನಾಯಿತಿ ನೀಡಿತು. 27 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 11 ಮೀಟರು, 2.4 ಗಿಗಾಹರ್ಟ್ಸಿನದು 12.5 ಸೆಂಟಿಮೀಟರು. ಹಿಂದಿನ ಪ್ರೇಷಕಗಳಿಗೆ ಉದ್ದನೆಯ ಆಂಟೆನಾ ಏಕೆ ಬೇಕಿತ್ತೆಂಬುದನ್ನು ವಿದ್ಯಾರ್ಥಿಗಳು ಇದರಿಂದ ಊಹಿಸಬಹುದು.

ಅಂಗಾಂಗಗಳು

ಹತ್ತನೆಯ ಒಂದಂಶದ ಅಳತೆಯ ಟ್ರಕ್ಕು ಸುಮಾರು ಎರಡು ಕಿಲೋಗ್ರಾಂ ತೂಗುತ್ತದೆ. ಚಾಲಕನ ಕೈಯಲ್ಲಿ ಪ್ರೇಷಕ. ವಾಹನದಲ್ಲಿ ಗ್ರಾಹಕ, ಮುಂಗಾಲಿಗಳನ್ನು ಹೊರಳಿಸುವ ಸರ್ವೊ, ಮೋಟಾರು, ಅದಕ್ಕೆ ವಿದ್ಯುತ್ತನ್ನು ಅಳೆದು ಕೊಡುವ ವೇಗ ನಿಯಂತ್ರಕ ಹಾಗೂ ಬ್ಯಾಟರಿ ಇರುತ್ತವೆ. ಗ್ರಾಹಕವು ಸರ್ವೊಗೆ ಸೆಕೆಂಡಿಗೆ ಸುಮಾರು 50 ಬಾರಿ ಮಿಡಿತಗಳನ್ನು ಕಳುಹಿಸುತ್ತದೆ. ಮಿಡಿತದ ಅವಧಿ 1.5 ಮಿಲಿಸೆಕೆಂಡು ಆಗಿದ್ದರೆ ಗಾಲಿ ನೇರ. 1ರ ಕಡೆಗೆ ಇಳಿದರೆ ಒಂದು ಬದಿ, 2ರ ಕಡೆಗೆ ಏರಿದರೆ ಇನ್ನೊಂದು ಬದಿ.

ಅಳತೆ ಕುಗ್ಗಿದಂತೆ ಎಲ್ಲವೂ ಸಮನಾಗಿ ಕುಗ್ಗುವುದಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. 3 ಮೀಟರು ಎತ್ತರದಿಂದ ಬೀಳುವ ವಸ್ತು ನೆಲ ಮುಟ್ಟಲು 0.78 ಸೆಕೆಂಡು ಬೇಕು. 30 ಸೆಂಟಿಮೀಟರಿನಿಂದ ಬೀಳಲು 0.25 ಸೆಕೆಂಡು. ಎತ್ತರ ಹತ್ತರಲ್ಲೊಂದಾದರೂ ಕಾಲ ಮೂರರಲ್ಲೊಂದಷ್ಟೇ ಆಯಿತು. ಗುರುತ್ವಾಕರ್ಷಣೆ ಪುಟ್ಟ ವಾಹನಕ್ಕೆ ರಿಯಾಯಿತಿ ತೋರಿಸುವುದಿಲ್ಲ. ಆದ್ದರಿಂದ ಅದರ ಜಿಗಿತ, ಕುಣಿತಗಳೆಲ್ಲ ನಮ್ಮ ಕಣ್ಣಿಗೆ ಅವಸರದವಾಗಿ ಕಾಣುತ್ತವೆ. ಅದರ ಸ್ಪ್ರಿಂಗು ಮತ್ತು ಎಣ್ಣೆಗಳನ್ನು ಅದರ ಕಾಲಮಾನಕ್ಕೆ ತಕ್ಕಂತೆಯೇ ಆರಿಸಬೇಕಾಗುತ್ತದೆ.

ಅಣಿಗೊಳಿಸುವ ಕ್ರಮ

1. ರೇಡಿಯೋ: ಮೊದಲು ಪ್ರೇಷಕವನ್ನು, ಆಮೇಲೆ ವಾಹನವನ್ನು ಚಾಲೂ ಮಾಡಬೇಕು, ಬಂದ್ ಮಾಡುವಾಗ ಇದಕ್ಕೆ ವಿರುದ್ಧವಾದ ಕ್ರಮ. ಗಾಲಿಗಳನ್ನು ನೆಲದಿಂದ ಎತ್ತಿಟ್ಟು, ನಿಧಾನವಾಗಿ ತಿರುಗುತ್ತಿರುವಾಗ ಪ್ರೇಷಕವನ್ನು ಬಂದ್ ಮಾಡಿ ನೋಡಬೇಕು. ಗಾಲಿ ತಾನಾಗಿ ನಿಂತರೆ ರಕ್ಷಣಾ ವ್ಯವಸ್ಥೆ ಸರಿಯಾಗಿದೆ. ನಿಲ್ಲದಿದ್ದರೆ ಅಂತಹ ವಾಹನವನ್ನು ನೆಲಕ್ಕಿಳಿಸಲೇಕೂಡದು.

2. ನಿಲುವಿನ ಎತ್ತರ: ಬ್ಯಾಟರಿಸಹಿತ ವಾಹನವನ್ನು ಒಂದು ಗೇಣಿನಷ್ಟು ಎತ್ತರದಿಂದ ಬಿಟ್ಟು, ಅದು ತಾನಾಗಿ ಕುಳಿತ ಮೇಲೆ ಅಡಿತಟ್ಟೆಯು ನೆಲದಿಂದ ಎಷ್ಟು ಮೇಲಿದೆ ಎಂದು ಅಳೆಯಬೇಕು. ಗಾಲಿಗಳನ್ನು ಹಿಡಿದ ತೋಳುಗಳು ನೆಲಕ್ಕೆ ಸಮಾನಾಂತರವಾಗಿರುವ ಸ್ಥಿತಿ ಆರಂಭಕ್ಕೆ ಒಳ್ಳೆಯದು. ಶಾಕ್ ಅಬ್ಸಾರ್ಬರಿನ ಬಿರಡೆ ತಿರುಗಿಸಿದರೆ ಸ್ಪ್ರಿಂಗು ಗಟ್ಟಿಯಾಗುತ್ತದೆಂಬುದು ಸಾಮಾನ್ಯವಾದ ತಪ್ಪುಕಲ್ಪನೆ. ಅದರಿಂದ ಬದಲಾಗುವುದು ನಿಲುವಿನ ಎತ್ತರ ಮಾತ್ರ. ಗಟ್ಟಿತನ ಬೇಕಾದರೆ ಸ್ಪ್ರಿಂಗನ್ನೇ ಬದಲಿಸಬೇಕು.

3. ಎಣ್ಣೆ: ಸ್ಪ್ರಿಂಗು ಭಾರವನ್ನು ಹೊರುತ್ತದೆ, ಎಣ್ಣೆ ಕುಣಿತವನ್ನು ಅಡಗಿಸುತ್ತದೆ. ಕೊಳವೆಯೊಳಗಿನ ಪಿಸ್ಟನ್ನಿನ ಸಣ್ಣ ರಂಧ್ರಗಳಲ್ಲಿ ಸಿಲಿಕೋನ್ ಎಣ್ಣೆ ನುಸುಳುವಾಗ ಚಲನೆಯ ಶಕ್ತಿ ಶಾಖವಾಗಿ ಮಾರ್ಪಡುತ್ತದೆ. ಜಿಗಿದು ಬಿದ್ದ ಮೇಲೂ ವಾಹನ ಕುಣಿಯುತ್ತಿದ್ದರೆ ಎಣ್ಣೆ ತೆಳುವಾಗಿದೆ. ಸಣ್ಣ ಉಬ್ಬುಗಳ ಮೇಲೆ ಗಾಲಿ ನೆಲ ಬಿಟ್ಟು ಗಡಗಡಿಸಿದರೆ ಮಂದವಾಗಿದೆ. ಚೈತ್ರ ವೈಶಾಖಗಳ ಬಿಸಿಲಿಗೆ ಎಣ್ಣೆ ತೆಳುವಾಗುವುದರಿಂದ ಬೇಸಿಗೆಯಲ್ಲಿ ಒಂದು ದರ್ಜೆ ಮಂದವಾದದ್ದನ್ನು ಬಳಸುವುದು ವಾಡಿಕೆ.

4. ಗಾಲಿಗಳ ಕೋನ: ಎದುರಿನಿಂದ ನೋಡಿದಾಗ ಗಾಲಿಗಳ ಮೇಲ್ಭಾಗ ಒಳಕ್ಕೆ ಒಂದೆರಡು ಡಿಗ್ರಿ ವಾಲಿದ್ದರೆ ತಿರುವಿನಲ್ಲಿ ಹೊರಗಾಲಿಯ ಪೂರ್ಣ ಅಗಲ ನೆಲವನ್ನು ಹಿಡಿಯುತ್ತದೆ. ಇದಕ್ಕೆ ಕ್ಯಾಂಬರ್ ಎಂದು ಹೆಸರು. ಮೇಲಿನಿಂದ ನೋಡಿದಾಗ ಹಿಂಗಾಲಿಗಳ ಮುಂಭಾಗ ಸುಮಾರು ಮೂರು ಡಿಗ್ರಿ ಒಳಮುಖವಾಗಿದ್ದರೆ ಓಟ ನೆಟ್ಟಗಾಗುತ್ತದೆ. ಮುಂಗಾಲಿಗಳು ಬಹುಮಟ್ಟಿಗೆ ನೇರವಾಗಿರಲಿ.

5. ಹಲ್ಲುಚಕ್ರ: ಮೋಟಾರಿನ ಚಿಕ್ಕ ಚಕ್ರಕ್ಕೆ 21 ಹಲ್ಲು, ದೊಡ್ಡ ಚಕ್ರಕ್ಕೆ 84 ಹಲ್ಲು ಇದ್ದರೆ ಪ್ರಮಾಣ 4. ಒಳಗಿನ ಪೆಟ್ಟಿಗೆಯ ಪ್ರಮಾಣ 2.6 ಆಗಿದ್ದರೆ ಒಟ್ಟು 10.4, ಅಂದರೆ ಮೋಟಾರು 10.4 ಸುತ್ತು ತಿರುಗಿದಾಗ ಗಾಲಿ ಒಂದು ಸುತ್ತು. ಚಿಕ್ಕ ಚಕ್ರಕ್ಕೆ 24 ಹಲ್ಲಾದರೆ ಒಟ್ಟು ಪ್ರಮಾಣ 9.1ಕ್ಕೆ ಇಳಿದು ವೇಗ ಹೆಚ್ಚುತ್ತದೆ, ಎಳೆಯುವ ಬಲ ಕುಂದುತ್ತದೆ, ಮೋಟಾರು ಬಿಸಿಯಾಗುತ್ತದೆ. ಎರಡು ಮೂರು ನಿಮಿಷ ಓಡಿಸಿ ಉಷ್ಣಮಾಪಕದಿಂದ ಪರೀಕ್ಷಿಸಬೇಕು. 70 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದರೆ ಸಣ್ಣ ಹಲ್ಲುಚಕ್ರಕ್ಕೆ ಮರಳುವುದು ಲೇಸು. ಎರಡು ಚಕ್ರಗಳ ನಡುವೆ ಒಂದು ತೆಳು ಕಾಗದದಷ್ಟು ಸಡಿಲಿರಬೇಕು.

ನಮ್ಮ ಮಣ್ಣು

ಎಲ್ಲ ಹೊಂದಾಣಿಕೆಗಳಿಗಿಂತ ಹೆಚ್ಚಿನ ಪರಿಣಾಮ ಟೈರಿನದು. ವಾಹನ ಹಾಗೂ ಭೂಮಿಯ ಸಂಬಂಧವೆಲ್ಲ ಆ ನಾಲ್ಕು ಅಂಗೈಯಗಲದ ಸ್ಪರ್ಶದಲ್ಲಿದೆ. ಮಲಪ್ರಭೆಯ ಸೀಮೆಯ ಎರೆಮಣ್ಣು ಒಣಗಿದಾಗ ಬಿರುಕುಬಿಟ್ಟು ಕಲ್ಲಿನಂತಾಗುತ್ತದೆ. ತುಳಿದ ದಾರಿಯ ಮೇಲೆ ಹಿಟ್ಟಿನಂತಹ ಧೂಳು ಕೂರುತ್ತದೆ. ಮಳೆ ಬಿದ್ದರೆ ಗಾಲಿಗೆ ಮೆತ್ತಿಕೊಂಡು ಟೈರಿನ ಮುಳ್ಳುಗಳನ್ನೇ ಮುಚ್ಚಿಬಿಡುತ್ತದೆ. ಮಸಾರಿ ಮಣ್ಣು ನೀರನ್ನು ಬೇಗ ಇಂಗಿಸಿಕೊಳ್ಳುವುದರಿಂದ ಮಳೆಯ ನಂತರ ಓಟಕ್ಕೆ ಅದೇ ಮೇಲು. ಸಡಿಲ ಮಣ್ಣಿಗೆ ಉದ್ದ ಮುಳ್ಳು, ಗಟ್ಟಿ ನೆಲಕ್ಕೆ ಗಿಡ್ಡ ಮುಳ್ಳು ಎಂಬುದು ಸಾಮಾನ್ಯ ಸೂತ್ರ. ಬಿತ್ತುವ ಮೊದಲು ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹದ ನೋಡುವ ರೈತನ ಮಗನಿಗೆ ಈ ಸೂತ್ರ ಕಷ್ಟವಾಗಲಾರದು.

ಹದಗೊಳಿಸುವ ಪದ್ಧತಿ

ಇಲ್ಲಿಯೇ ನಿಜವಾದ ಶಿಸ್ತು ಬೇಕಾಗುವುದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಎಣ್ಣೆ, ಸ್ಪ್ರಿಂಗು, ಟೈರು ಮೂರನ್ನೂ ಒಟ್ಟಿಗೆ ಬದಲಿಸಿದವನು ಓಟ ಸುಧಾರಿಸಿದರೂ ಕಾರಣವನ್ನು ಅರಿಯಲಾರ, ಕೆಟ್ಟರೂ ಅರಿಯಲಾರ. ಎರಡನೆಯದಾಗಿ, ಯಾವ ಬದಲಾವಣೆಯನ್ನೂ ಮಾಡದೆ ಮೊದಲು ಐದು ಸುತ್ತು ಓಡಿಸಿ ಪ್ರತಿ ಸುತ್ತಿನ ಕಾಲವನ್ನು ಬರೆಯಬೇಕು. ಉದಾಹರಣೆಗೆ, ಆ ಐದು ಸುತ್ತುಗಳಲ್ಲಿಯೇ ಎರಡು ಸೆಕೆಂಡುಗಳ ಏರಿಳಿತವಿದ್ದರೆ, ಎಣ್ಣೆ ಬದಲಿಸಿದ ಮೇಲೆ ಒಂದು ಸುತ್ತಿನಲ್ಲಿ ಕಂಡ ಅರ್ಧ ಸೆಕೆಂಡಿನ ಲಾಭಕ್ಕೆ ಅರ್ಥವಿಲ್ಲ. ಆಗ ತಿದ್ದಬೇಕಾದದ್ದು ಯಂತ್ರವನ್ನಲ್ಲ, ಚಾಲಕನ ಕೈಯನ್ನು. ಮೂರನೆಯದಾಗಿ, ಬದಲಾವಣೆ ಫಲಿಸದಿದ್ದರೆ ಹಿಂದಿನ ಸ್ಥಿತಿಗೆ ಮರಳಿಸಿ, ಅದನ್ನೂ ಬರೆದಿಡಬೇಕು. ಸೋಲನ್ನು ಬರೆಯದ ದಿನಚರಿಯಿಂದ ಪ್ರಯೋಜನವಿಲ್ಲ.

ಒಂದು ಪ್ರಸಂಗ

ಇಂಜಿನಿಯರಿಂಗ್ ಓದುತ್ತಿದ್ದ ಒಬ್ಬ ಹಳೆಯ ವಿದ್ಯಾರ್ಥಿ ರಜೆಯಲ್ಲಿ ತನ್ನ ಟ್ರಕ್ಕನ್ನು ಊರಿಗೆ ತಂದು ಕಣದಲ್ಲಿ ಓಡಿಸುತ್ತಿದ್ದನು. ತಿರುವು ಬಂದಾಗಲೆಲ್ಲ ಅದು ಹೊರಳದೆ ನೆಟ್ಟಗೆ ಹೋಗಿ ಬದುವಿಗೆ ಬಡಿಯುತ್ತಿತ್ತು. ಪಟ್ಟಣದ ಸಹಪಾಠಿಗಳ ಬಳಿ ಇರುವಂತಹ ಬೆಲೆಬಾಳುವ ಬಿಡಿಭಾಗಗಳು ತನ್ನಲ್ಲಿಲ್ಲ, ಅದಕ್ಕೇ ಹೀಗೆ ಎಂಬುದು ಅವನ ಕೊರಗು. ಓದನ್ನೇ ಬಿಟ್ಟು ಬರಬೇಕೆನ್ನುವಷ್ಟು ಕೀಳರಿಮೆ ಅವನ ಮಾತಿನಲ್ಲಿತ್ತು. ಕಣದ ಬದಿಯಲ್ಲಿ ಕುಳಿತು ನೋಡುತ್ತಿದ್ದ ಹಿರಿಯ ಗಾಡಿಕಾರರೊಬ್ಬರು ಕೇಳಿದರು: "ತಮ್ಮಾ, ಇದರ ಭಾರ ಎಲ್ಲಿ ಬಿದ್ದೈತಿ ನೋಡೀಯೇನು?"

"ಹಿಂದ ಬಿದ್ದೈತ್ರಿ ಅಜ್ಜಾ. ಮೋಟಾರು, ಬ್ಯಾಟರಿ ಎರಡೂ ಹಿಂದ ಅದಾವು."

"ಹಿಂಭಾರ ಆದ ಚಕ್ಕಡಿ ನೊಗಾ ಎತ್ತತೈತಿ. ನೊಗಾ ಎದ್ದ ಮ್ಯಾಲ ಎತ್ತು ತಿರುಗಂದ್ರ ಹ್ಯಾಂಗ ತಿರುಗತೈತಿ?"

ಹುಡುಗನು ಬ್ಯಾಟರಿಯನ್ನು ಎರಡು ಬೆರಳು ಮುಂದಕ್ಕೆ ಸರಿಸಿ ಕಟ್ಟಿದನು. ಮುಂಗಾಲಿಗಳ ಮೇಲೆ ಭಾರ ಬಿದ್ದಿತು, ಭಾರ ಬಿದ್ದಲ್ಲಿ ಘರ್ಷಣೆ ಹುಟ್ಟಿತು, ಟ್ರಕ್ಕು ಹೊರಳಿತು. ಒಂದು ಪೈಸೆಯೂ ಖರ್ಚಾಗಲಿಲ್ಲ. ಲಂಬ ಒತ್ತಡಕ್ಕೆ ಅನುಗುಣವಾಗಿ ಘರ್ಷಣೆ ಹೆಚ್ಚುತ್ತದೆಂಬ ನಿಯಮವನ್ನು ಅವನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದನು. ಅದು ತನ್ನ ಕೈಯಲ್ಲೇ ಇದೆಯೆಂಬುದು ಅಂದು ತಿಳಿಯಿತು. ಅಜ್ಜನಿಗೆ ನಿಯಮದ ಹೆಸರು ಗೊತ್ತಿರಲಿಲ್ಲ, ನಿಯಮ ಗೊತ್ತಿತ್ತು. ರಜೆ ಮುಗಿದ ಮೇಲೆ ಹುಡುಗನು ತಲೆಯೆತ್ತಿಕೊಂಡೇ ಕಾಲೇಜಿಗೆ ಮರಳಿದನು.

ಎಚ್ಚರಿಕೆ

ಲಿಥಿಯಂ ಪಾಲಿಮರ್ ಬ್ಯಾಟರಿಯ ಪ್ರತಿ ಕೋಶವೂ ಪೂರ್ಣ ತುಂಬಿದಾಗ 4.2 ವೋಲ್ಟ್ ಇರುತ್ತದೆ. 3 ವೋಲ್ಟಿಗಿಂತ ಕೆಳಗಿಳಿದರೆ ಹಾಳಾಗುತ್ತದೆ. ಬಹುದಿನ ಇಡುವುದಾದರೆ 3.8 ವೋಲ್ಟಿನ ಸುಮಾರಿಗೆ ಇಡಬೇಕು. ಉಬ್ಬಿದ ಅಥವಾ ತೂತಾದ ಬ್ಯಾಟರಿ ಬೆಂಕಿಗೆ ಆಹ್ವಾನ. ಚಾರ್ಜು ಮಾಡುವಾಗ ಬಳಿಯಲ್ಲೇ ಇರಬೇಕು. ಹುಲ್ಲು, ಹೊಟ್ಟು, ಬಟ್ಟೆಗಳಿಂದ ದೂರವಿಡಬೇಕು. ಎರಡು ಕಿಲೋ ತೂಕದ ವಾಹನ ವೇಗದಲ್ಲಿ ಬಂದು ಬಡಿದರೆ ಮಗುವಿನ ಕಾಲು ಮುರಿಯಬಹುದು. ಜನ ಸೇರಿದಲ್ಲಿ ಓಡಿಸಕೂಡದು.

ಉಪಸಂಹಾರ

2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ನೆಲವನ್ನು ಮುಟ್ಟಿತು. ಅದರಿಂದಿಳಿದ 26 ಕಿಲೋಗ್ರಾಂ ತೂಕದ ಪ್ರಜ್ಞಾನ್ ಎಂಬ ಆರು ಗಾಲಿಯ ವಾಹನವನ್ನು ನಮ್ಮ ಬೆಂಗಳೂರಿನಿಂದಲೇ ನಡೆಸಲಾಯಿತು. ಸಂಕೇತವು ಅಲ್ಲಿಗೆ ಮುಟ್ಟಲು ಒಂದು ಸೆಕೆಂಡಿಗೂ ಹೆಚ್ಚು ಕಾಲ ಬೇಕು; ಅದರ ವೇಗವೋ ಸೆಕೆಂಡಿಗೆ ಒಂದು ಸೆಂಟಿಮೀಟರು. ಆಗಸ್ಟ್ 27ರಂದು ಮೂರು ಮೀಟರು ಮುಂದೆ ನಾಲ್ಕು ಮೀಟರು ಅಗಲದ ಕುಳಿ ಕಂಡಾಗ ವಿಜ್ಞಾನಿಗಳು ಅದನ್ನು ಬಂದ ದಾರಿಯಲ್ಲೇ ಹಿಂದಿರುಗಿಸಿದರು. ಕಣದಲ್ಲಿ ಓಡುವ ಟ್ರಕ್ಕಿಗೂ ಚಂದ್ರನ ಮೇಲಿನ ಗಾಡಿಗೂ ಗಾತ್ರ, ವೆಚ್ಚ, ಉದ್ದೇಶಗಳಲ್ಲಿ ಅಜಗಜಾಂತರವಿದೆ. ಆದರೆ ಗಾಲಿ, ಮಣ್ಣು, ಭಾರ, ಅಲೆ, ಆಜ್ಞೆ ಎಂಬ ಪಾಠಗಳು ಎರಡಕ್ಕೂ ಒಂದೇ.

ಶರಣರು ಕಾಯಕವನ್ನು ಅದರ ದೊಡ್ಡತನದಿಂದ ಅಳೆಯಲಿಲ್ಲ, ಮಾಡುವವನ ಶುದ್ಧಿಯಿಂದ ಅಳೆದರು. ಬಂಡಿಯ ಕಡೆಗೀಲಿನಂತಹ ಸಣ್ಣ ವಸ್ತುವೂ ಅವರ ಅನುಭಾವಕ್ಕೆ ಉಪಮೆಯಾಯಿತು. ಪುಟ್ಟ ಟ್ರಕ್ಕಿನ ಗಾಲಿಯನ್ನು ಹಿಡಿದಿರುವ ಸಣ್ಣ ನಟ್ಟು ಇಂದಿನ ಕಡೆಗೀಲು. ಅದನ್ನು ಓಟಕ್ಕೆ ಮೊದಲು ಒಮ್ಮೆ ಮುಟ್ಟಿ ನೋಡುವ ವಿದ್ಯಾರ್ಥಿ ಮುಂದೆ ಯಾವ ಕೆಲಸ ಹಿಡಿದರೂ ನಂಬಿಕೆಗೆ ಅರ್ಹನಾಗುತ್ತಾನೆ.