ಸಂತೆಯ ಬುಟ್ಟಿಯಲ್ಲಿ ಅನ್ಯದೇಶ್ಯ

ಕನ್ನಡ ವ್ಯಾಕರಣವನ್ನು ಅಭ್ಯಸಿಸುವ ವಿದ್ಯಾರ್ಥಿಗೆ ಪದಗಳ ನಾಲ್ಕು ವರ್ಗಗಳು ಮೊದಲಲ್ಲಿಯೇ ಪರಿಚಯವಾಗುತ್ತವೆ: ದೇಶ್ಯ, ತತ್ಸಮ, ತದ್ಭವ, ಅನ್ಯದೇಶ್ಯ. ಸುಮಾರು ಮೂವತ್ತು ವರ್ಷಗಳಿಂದ ಈ ಪಾಠವನ್ನು ಹೇಳಿಕೊಂಡು ಬಂದಿರುವ ನನಗೆ, ಪದದ ಕುಲವನ್ನು ಅರಿತರೆ ವಸ್ತುವಿನ ಕುಲವನ್ನೂ ಅರಿತಂತೆಯೇ ಎಂಬ ಭ್ರಮೆ ಬಹುಕಾಲ ಇದ್ದಿತು. ಆ ಭ್ರಮೆ ಕಳಚಿದ್ದು ಬಸವನಗುಡಿಯ ಗಾಂಧಿಬಜಾರಿನಲ್ಲಿ. ಕಳಚಿಸಿದ್ದು, ನಾನು ಭೂಪಟದಲ್ಲಲ್ಲದೆ ಬೇರೆಲ್ಲೂ ಕಾಣದ ಮೆಕ್ಸಿಕೊ ದೇಶ.

ಆಯುಧಪೂಜೆಯ ಹಿಂದಿನ ಸಂಜೆ ಗಾಂಧಿಬಜಾರಿಗೆ ಹೋದವರು ಏನೇನು ಕೊಂಡು ತರುತ್ತಾರೆ? ರಾಶಿರಾಶಿಯಾದ ಚೆಂಡುಹೂ, ಸುಗಂಧರಾಜದ ಹಾರ. ಅಡುಗೆಗೆ ಮೆಣಸಿನಕಾಯಿ, ಟೊಮೆಟೊ, ಸೀಮೆಬದನೆ. ಹಣ್ಣಿಗೆ ಪರಂಗಿ, ಸಪೋಟ. ಈ ಬುಟ್ಟಿಯಲ್ಲಿ ನಮ್ಮದಲ್ಲದ್ದು ಯಾವುದು ಎಂದು ಕೇಳಿದರೆ, ಹೆಚ್ಚಿನವರು ಟೊಮೆಟೊವೊಂದನ್ನೇ ತೋರಿಸಿಯಾರು. ಆದರೆ ಮೇಲೆ ಹೇಳಿದ ಏಳೂ ವಸ್ತುಗಳ ತವರು ಮೆಕ್ಸಿಕೊ ಮತ್ತು ಅದರ ನೆರೆಯ ನಾಡುಗಳೇ. ೧೪೯೨ರಲ್ಲಿ ಕೊಲಂಬಸನು ಅಟ್ಲಾಂಟಿಕ್ ಸಾಗರವನ್ನು ದಾಟಿದನು. ೧೫೧೦ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದರು. ೧೫೨೧ರಲ್ಲಿ ಅಜ್ಟೆಕರ ರಾಜಧಾನಿಯಾದ ಟೆನೊಚ್ಟಿಟ್ಲಾನ್ ಸ್ಪೇನಿನವರ ವಶವಾಯಿತು. ಈ ಮೂರು ಘಟನೆಗಳ ಬಳಿಕ ತೆರೆದ ಹಡಗಿನ ದಾರಿಗಳಲ್ಲಿ ಆ ನಾಡಿನ ಬೀಜಗಳು ಏಷ್ಯಾಖಂಡಕ್ಕೆ ಬಂದವು. ಕೆಲವು ಬೇಗ ಬಂದವು, ಕೆಲವು ಶತಮಾನಗಳನ್ನೇ ತೆಗೆದುಕೊಂಡವು.

ಹಾಗಾದರೆ ೧೨ನೆಯ ಶತಮಾನದ ಕಲ್ಯಾಣದಲ್ಲಿ ಶರಣರ ಮನೆಯ ಅಡುಗೆಗೆ ಖಾರವೆಲ್ಲಿಯದು? ಶುಂಠಿ, ಹಿಪ್ಪಲಿ ಮತ್ತು ಮೆಣಸಿನದು. ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ವಾಗಲಿ, ೧೬ನೆಯ ಶತಮಾನದ ಆರಂಭದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವಾಗಲಿ, ಅವುಗಳ ಕಾಲದಲ್ಲಿ ಮೆಣಸು ಎಂದರೆ ಬಳ್ಳಿಯಲ್ಲಿ ಬೆಳೆಯುವ ಕಾಳೇ. ಈಗಿನ ಕೆಂಪು ಕಾಯಿಯನ್ನು ಅಲ್ಲಿ ಕಲ್ಪಿಸಿಕೊಂಡು ಓದುವುದು ಪ್ರಮಾದ.

ಈಗ ಹೆಸರುಗಳನ್ನು ವಿಚಾರಿಸೋಣ. ಮೊದಲನೆಯದು, ಪದ ದೇಶ್ಯ, ವಸ್ತು ಅನ್ಯದೇಶ್ಯ. ‘ಮೆಣಸು’ ಅಚ್ಚಗನ್ನಡ ಪದ. ಹೊಸ ಕಾಯಿಗೂ ಅದರಂತೆಯೇ ಖಾರವಿದ್ದುದರಿಂದ ಅದು ‘ಮೆಣಸಿನಕಾಯಿ’ ಆಯಿತು. ಮುಂದೆ ನಡೆದದ್ದು ವಿಚಿತ್ರ. ಬಂದ ಅತಿಥಿ ಮನೆಯ ಯಜಮಾನನ ಹೆಸರನ್ನು ಎಷ್ಟು ಗಟ್ಟಿಯಾಗಿ ಹಿಡಿಯಿತೆಂದರೆ, ಯಜಮಾನನು ತಾನು ಯಾರೆಂದು ತಿಳಿಸಲು ‘ಕಾಳುಮೆಣಸು’, ‘ಕರಿಮೆಣಸು’, ‘ಒಳ್ಳೆಮೆಣಸು’ ಎಂದು ವಿಶೇಷಣವನ್ನು ಹಚ್ಚಿಕೊಳ್ಳಬೇಕಾಯಿತು. ಜೋಳಕ್ಕೆ ಬಂದ ಪಾಡೂ ಸುಮಾರಾಗಿ ಇದೇ. ಮೆಕ್ಸಿಕೊದ ಧಾನ್ಯವು ಸಿಪ್ಪೆಯ ಹೊದಿಕೆಯಿಂದ ‘ಮುಸುಕಿನ ಜೋಳ’ವಾಯಿತು. ಉತ್ತರ ಕರ್ನಾಟಕದ ‘ಗೋವಿನಜೋಳ’ ಎಂಬ ಹೆಸರಿನಲ್ಲಿ ಗೋವೆಯ ಬಂದರನ್ನು ಕಾಣುವವರುಂಟು, ಹಸುವಿನ ಮೇವನ್ನು ಕಾಣುವವರೂ ಉಂಟು. ಬಸವನಗುಡಿಯ ಪರಿಷೆಯ ಕಡಲೆಕಾಯಿಯೂ ಕಡಲೆಯ ಹೆಸರನ್ನು ಎರವಲು ಪಡೆದದ್ದೇ. ಅದರ ತವರು ಮಾತ್ರ ಮೆಕ್ಸಿಕೊ ಅಲ್ಲ, ದಕ್ಷಿಣ ಅಮೆರಿಕ.

ಎರಡನೆಯದು, ಪದ ತತ್ಸಮ, ವಸ್ತು ಅನ್ಯದೇಶ್ಯ. ‘ಸುಗಂಧರಾಜ’ ಎಂಬ ಶುದ್ಧ ಸಮಾಸಪದವನ್ನು ಕೇಳಿದವರು ಅದು ಕಾಳಿದಾಸನ ಉಪವನದಲ್ಲಿಯೇ ಅರಳಿತ್ತೆಂದು ನಂಬಿಯಾರು. ಅಮೆರಿಕದಿಂದಲೇ ಬಂದ ಇನ್ನೊಂದು ಹಣ್ಣು ‘ಸೀತಾಫಲ’ವೆನಿಸಿಕೊಂಡು ಜಾನಕಿಯ ವನವಾಸಕ್ಕೆ ಸೇರಿಹೋಯಿತು. ಹೆಸರು ಸಂಸ್ಕೃತವಾದ ಮಾತ್ರಕ್ಕೆ ವಸ್ತು ಪ್ರಾಚೀನವಾಗದು.

ಮೂರನೆಯದು, ಪದವೂ ವಸ್ತುವೂ ಅನ್ಯದೇಶ್ಯ. ಟೊಮೆಟೊ, ಸಪೋಟ, ಚಾಕೊಲೇಟು ಇವನ್ನು ನಾವು ಇಂಗ್ಲಿಷ್ ಪದಗಳೆಂದು ಪಟ್ಟಿ ಮಾಡುತ್ತೇವೆ. ಅವು ಇಂಗ್ಲಿಷಿಗೂ ಎರವಲೇ. ಅಜ್ಟೆಕರ ನುಡಿಯಾದ ನಾವಾತ್ಲ್ ಭಾಷೆಯ ‘ತೊಮಾತ್ಲ್’ ಮತ್ತು ‘ತ್ಸಪೋತ್ಲ್’ ಎಂಬ ಪದಗಳು ಸ್ಪ್ಯಾನಿಷ್ ಭಾಷೆಯ ಮೂಲಕ ಜಗತ್ತಿಗೆ ಹರಡಿದವು. ಆ ಭಾಷೆಯನ್ನು ಇಂದಿಗೂ ಹತ್ತು ಲಕ್ಷಕ್ಕೂ ಹೆಚ್ಚು ಜನ ಆಡುತ್ತಾರೆ. ನಮ್ಮ ತರಕಾರಿ ಮಾರುವ ತಾಯಂದಿರು ದಿನವೂ ಅದರ ಒಂದೆರಡು ಮಾತುಗಳನ್ನು ಕೂಗುತ್ತಲೇ ಇದ್ದಾರೆ.

ಇವಲ್ಲದೆ, ಹೊರಗಿನದೆಂದು ನಾವೇ ಗುರುತು ಹಾಕಿದ ಹೆಸರುಗಳುಂಟು. ಯೂರೋಪಿನವನನ್ನು ಸೂಚಿಸುವ ‘ಪರಂಗಿ’ ಹಣ್ಣಿಗೆ ಅಂಟಿತು. ಎಲ್ಲೆ ಎಂಬರ್ಥದ ‘ಸೀಮೆ’ಯು ಪರದೇಶವೆಂಬ ಅರ್ಥವನ್ನು ಪಡೆದು ಸೀಮೆಎಣ್ಣೆ, ಸೀಮೆಸುಣ್ಣಗಳೊಂದಿಗೆ ಸೀಮೆಬದನೆಗೂ ಸೇರಿತು. ಇಲ್ಲೊಂದು ಸ್ವಾರಸ್ಯವಿದೆ. ನಾವು ‘ಸೀಮೆ’ಯದೆಂದು ದೂರವಿರಿಸಿದ ಇದೇ ಕಾಯಿಯನ್ನು ನೆರೆಯ ತಮಿಳರು ‘ಬೆಂಗಳೂರು ಕತ್ತರಿಕ್ಕಾಯ್’ ಎನ್ನುತ್ತಾರೆ. ನಮಗೆ ಪರದೇಶಿಯಾದುದು ಅವರ ಕಣ್ಣಿಗೆ ಬೆಂಗಳೂರಿನ ಮಗಳು! ಯಾವುದು ಒಳಗಿನದು, ಯಾವುದು ಹೊರಗಿನದು ಎಂಬುದು ನಿಂತು ನೋಡುವವನ ನೆಲೆಯನ್ನೂ ಅವಲಂಬಿಸಿದೆ.

ಇವುಗಳ ತವರಿನಲ್ಲಿ ಇವಕ್ಕೆ ಯಾವ ಬಾಳಿತ್ತು? ಚೆಂಡುಹೂವನ್ನು ಅಲ್ಲಿ ‘ಇಪ್ಪತ್ತು ಹೂ’ ಎಂಬರ್ಥದ ನಾವಾತ್ಲ್ ಹೆಸರಿನಿಂದ ಕರೆಯುತ್ತಾರೆ. ದಳಗಳ ಸಮೃದ್ಧಿಯೇ ಅದಕ್ಕೆ ಕಾರಣ. ನವೆಂಬರ್ ೧ ಮತ್ತು ೨ರಂದು ಗತಿಸಿದ ಹಿರಿಯರು ಮನೆಗೆ ಬರುವರೆಂದು ನಂಬಿ, ಅವರಿಗೆ ದಾರಿ ತೋರಲು ಅದರ ದಳಗಳನ್ನು ಹಾಸುತ್ತಾರೆ. ಇನ್ನು ಮುಸುಕಿನ ಜೋಳ. ಅಲ್ಲಿಯವರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಹಾಕಿ, ಕಲ್ಲಿನ ಮೇಲೆ ಅರೆದು ರೊಟ್ಟಿ ತಟ್ಟುತ್ತಾರೆ. ಸುಣ್ಣದ ಈ ಸಂಸ್ಕಾರದಿಂದಲೇ ಕಾಳಿನಲ್ಲಿ ಅಡಗಿರುವ ನಿಯಾಸಿನ್ ಎಂಬ ಜೀವಸತ್ತ್ವ ದೇಹಕ್ಕೆ ದಕ್ಕುತ್ತದೆ. ಯೂರೋಪಿನವರು ಕಾಳನ್ನು ಒಯ್ದರು, ಸುಣ್ಣವನ್ನು ಅಲ್ಲಿಯೇ ಬಿಟ್ಟರು. ಇಟಲಿ ಮೊದಲಾದೆಡೆಗಳಲ್ಲಿ ಅದನ್ನೇ ನೆಚ್ಚಿ ಬದುಕಿದ ಬಡವರು ಪೆಲಾಗ್ರ ಎಂಬ ರೋಗಕ್ಕೆ ತುತ್ತಾದರು. ವಸ್ತುವನ್ನು ಪಡೆದು, ಅದನ್ನು ಬೆಳೆಸಿದವರ ಅರಿವನ್ನು ತೊರೆದರೆ ಆಗುವ ಹಾನಿಗೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ತೊರೆಯುವುದೊಂದು ದೋಷವಾದರೆ, ಇಲ್ಲದ್ದನ್ನು ಆರೋಪಿಸುವುದು ಇನ್ನೊಂದು. ೧೩ನೆಯ ಶತಮಾನದ ಸೋಮನಾಥಪುರದ ಕೇಶವ ದೇವಾಲಯದಲ್ಲಿ ಕೆಲವು ವಿಗ್ರಹಗಳ ಕೈಯಲ್ಲಿ ಮುಸುಕಿನ ಜೋಳದ ತೆನೆಯನ್ನು ಹೋಲುವ ವಸ್ತುವಿದೆ. ಅದು ತೆನೆಯೇ ಎಂದೂ, ಕೊಲಂಬಸನಿಗಿಂತ ಮೊದಲೇ ಅದು ಇಲ್ಲಿಗೆ ಬಂದಿತ್ತೆಂದೂ ಅಮೆರಿಕದ ಭೂಗೋಳಶಾಸ್ತ್ರಜ್ಞ ಕಾರ್ಲ್ ಜೊಹಾನೆಸೆನ್ ಅವರು ೧೯೮೯ರಲ್ಲಿ ವಾದಿಸಿದರು. ಭಾರತೀಯ ವಿಜ್ಞಾನಿಗಳಾದ ಪಾಯಕ್ ಮತ್ತು ಸಾಚನ್ ೧೯೯೩ರಲ್ಲಿ ಇದನ್ನು ನಿರಾಕರಿಸಿ, ಅದು ಮುತ್ತುಗಳಿಂದ ಕೂಡಿದ ಕಾಲ್ಪನಿಕ ಹಣ್ಣಾದ ‘ಮುಕ್ತಾಫಲ’ವೆಂದರು. ನನಗೂ ಈ ಎರಡನೆಯ ಪಕ್ಷವೇ ಸಮ್ಮತ. ರೂಪಸಾಮ್ಯವೊಂದೇ ಪ್ರಮಾಣವಲ್ಲ, ನಮ್ಮ ಶಿಲ್ಪಿಗಳ ಕೀರ್ತಿಗೆ ಎರವಲಿನ ತೆನೆಯ ಅಗತ್ಯವೂ ಇಲ್ಲ.

ಕೊನೆಗೆ ನನ್ನ ತಪ್ಪೊಂದನ್ನು ನಿವೇದಿಸಿಕೊಳ್ಳಬೇಕು. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ, ಒಂಬತ್ತನೆಯ ತರಗತಿಯ ಹುಡುಗನೊಬ್ಬನು ‘ನಮ್ಮ ಊರಿನ ಸಂತೆ’ ಎಂಬ ಪ್ರಬಂಧದಲ್ಲಿ, “ನಮ್ಮ ಬ್ಯಾಡಗಿಯ ಮೆಣಸಿನಕಾಯಿ ಮೂಲತಃ ಮೆಕ್ಸಿಕೊ ದೇಶದ್ದು” ಎಂದು ಬರೆದಿದ್ದನು. ವಿದ್ಯಾರ್ಥಿನಿಲಯದ ಹುಡುಗ, ತಂದೆ ಅದೇ ಬೆಳೆಯ ರೈತರು. ನಾನು ಆ ವಾಕ್ಯವನ್ನು ಕೆಂಪುಶಾಯಿಯಿಂದ ಹೊಡೆದು, “ಮೆಣಸು ಅಚ್ಚಗನ್ನಡ ಪದ” ಎಂದು ಬರೆದು, ಎರಡು ಅಂಕಗಳನ್ನು ಕಳೆದೆನು. ಹುಡುಗ ಏನೋ ಹೇಳಲು ಬಂದವನು, ನನ್ನ ಮುಖವನ್ನು ನೋಡಿ ಸುಮ್ಮನಾದನು. ನನ್ನ ವ್ಯಾಕರಣ ಸರಿಯಾಗಿತ್ತು. ಅವನ ಮಾತು ನಿಜವಾಗಿತ್ತು. ಇವೆರಡೂ ಒಟ್ಟಿಗೆ ಇರಬಲ್ಲವೆಂಬುದನ್ನು ಕಲಿಯಲು ನನಗೆ ಹಲವು ವರ್ಷಗಳು ಬೇಕಾದವು.

೨೦೧೧ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಸಾಗರದಾಚೆಯಿಂದ ಬಂದ ಕಾಯಿ ಇಂದು ನಮ್ಮ ನೆಲದ ಹೆಸರಿನಿಂದಲೇ ಪ್ರಸಿದ್ಧ. ಅದು ನಮ್ಮದಾದದ್ದು ಮೂಲವನ್ನು ಮರೆತದ್ದರಿಂದಲ್ಲ. ಆ ಹುಡುಗನ ತಂದೆಯಂಥವರು ತಲೆಮಾರುಗಳ ಕಾಲ ಬಿತ್ತಿ, ಆರಿಸಿ, ಒಣಗಿಸಿದ್ದರಿಂದ.

ಈ ಸಂಚಿಕೆ ನಮ್ಮ ಹಳೆಯ ವಿದ್ಯಾರ್ಥಿಗಳೆಲ್ಲರಿಗೂ ತಲಪುವುದೆಂದು ಕೇಳಿದ್ದೇನೆ. ಆತನ ಕೈಗೂ ಇದು ಸೇರಿದರೆ, ಆ ಎರಡು ಅಂಕಗಳನ್ನು ಅವನ ಪಂಡಿತರು ಹಿಂದಿರುಗಿಸಿದ್ದಾರೆಂದು ತಿಳಿಯಲಿ.