ತಂತಿಯ ಗಂಟು

ಕಲಾವಿಭಾಗದ ವಿದ್ಯಾರ್ಥಿಗೆ ವಿದ್ಯುಚ್ಛಕ್ತಿಯ ಗೊಡವೆ ಏಕೆಂದು ವಾಚಕರು ಕೇಳಬಹುದು. ಕಾರಣ ನಮ್ಮ ಮನೆಯಲ್ಲಿಯೇ ಇದೆ. ಕಳೆದ ಚಳಿಗಾಲದಲ್ಲಿ ನೀರು ಕಾಯಿಸುವ ಹೀಟರಿನ ತಂತಿ ಸಾಲದೆ, ತಂದೆಯವರು ಹಳೆಯ ತಂತಿಯೊಂದನ್ನು ಅದಕ್ಕೆ ಹೆಣೆದು ಮೇಲೆ ಬಟ್ಟೆ ಸುತ್ತಿದರು. ಮೂರನೆಯ ದಿನ ಗಂಟು ಹೊಗೆಯಾಡಿತು. ತಂಗಿ ಅದನ್ನು ಕೀಳಲು ಕೈಚಾಚಿದಳು. ಅಷ್ಟರಲ್ಲಿ ನಾನು ಮೈನ್ ಸ್ವಿಚ್ ಆರಿಸಿದ್ದರಿಂದ ಕೇಡು ತಪ್ಪಿತು. “ಬಿಗಿಯಾಗಿಯೇ ಕಟ್ಟಿದ್ದೆನಲ್ಲ ಮಗಾ, ಏಕೆ ಸುಟ್ಟಿತು? ದೀಪದ ತಂತಿಗೂ ಹೀಗೆಯೇ ಕಟ್ಟಿದ್ದೆ, ಅದಕ್ಕೇನೂ ಆಗಲಿಲ್ಲ” ಎಂದರು ತಂದೆಯವರು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಆದರೂ ಉತ್ತರ ಹೊಳೆಯಲಿಲ್ಲ. ಅದನ್ನು ಹುಡುಕಿದ ಫಲವೇ ಈ ಲೇಖನ.

ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು ಎಂಬುದು ಜೌಲ್ ಎಂಬ ವಿಜ್ಞಾನಿಯ ನಿಯಮ. 230 ವೋಲ್ಟಿನಲ್ಲಿ 1500 ವಾಟಿನ ಹೀಟರು ಸುಮಾರು 6.5 ಆಂಪಿಯರ್ ಎಳೆಯುತ್ತದೆ. ಗಂಟಿನ ರೋಧ ಅರ್ಧ ಓಮ್ ಇದ್ದರೂ ಹೆಬ್ಬೆರಳಿನಷ್ಟು ಜಾಗದಲ್ಲಿ 21 ವಾಟ್ ಶಾಖ ಹುಟ್ಟುತ್ತದೆ. 9 ವಾಟಿನ ದೀಪಕ್ಕಾದರೋ ಅದೇ ಗಂಟು ಬೆಚ್ಚಗೂ ಆಗದು. ಇದಲ್ಲದೆ ಹೆಣೆದ ಎಳೆಗಳು ಬಿಸಿಯಲ್ಲಿ ಹಿಗ್ಗಿ, ಆರಿದಾಗ ಕುಗ್ಗಿ, ಗಂಟು ದಿನದಿನಕ್ಕೆ ಸಡಿಲವಾಗುತ್ತದೆ, ರೋಧ ಏರುತ್ತದೆ. ಪ್ರವಾಹವು ಮಿತಿ ಮೀರದ ಕಾರಣ ಫ್ಯೂಸು ಹಾರುವುದಿಲ್ಲ. ಅಪಾಯವಿರುವುದು ಇಲ್ಲಿಯೇ.

ಹಾಗಾದರೆ ಮಾಡತಕ್ಕದ್ದೇನು? ಹೀಟರು, ಇಸ್ತ್ರಿಪೆಟ್ಟಿಗೆಗಳಿಗೆ ಗಂಟು ಬೇಡವೇ ಬೇಡ. ಇಡಿಯ ತಂತಿಯನ್ನೇ ಬದಲಿಸಬೇಕು. ಬೇರೆಡೆ ಜೋಡಣೆ ಅನಿವಾರ್ಯವಾದರೆ ಮೊದಲು ಮೈನ್ ಆರಿಸಿ, ಟೆಸ್ಟರಿನಿಂದ ನೋಡಬೇಕು. ಆ ಟೆಸ್ಟರು ಸರಿಯಿದೆಯೇ ಎಂಬುದನ್ನು ವಿದ್ಯುತ್ತಿರುವ ಕಡೆ ಮೊದಲೇ ಪರೀಕ್ಷಿಸಿರಬೇಕು. ತಾಮ್ರಕ್ಕೆ ತಾಮ್ರವನ್ನೇ, ಅದೇ ದಪ್ಪದ್ದನ್ನೇ ಸೇರಿಸಬೇಕು, ಅಲ್ಯೂಮಿನಿಯಂ ಸಲ್ಲದು. ಫೇಸಿಗೆ ಫೇಸ್, ನ್ಯೂಟ್ರಲಿಗೆ ನ್ಯೂಟ್ರಲ್, ಅರ್ತಿಗೆ ಅರ್ತ್ ಕೂಡಬೇಕು. ತುದಿಗಳನ್ನು ಸ್ಕ್ರೂ ಕನೆಕ್ಟರಿನಲ್ಲಿ ಬಿಗಿದು, ಮುಚ್ಚಿದ ಪೆಟ್ಟಿಗೆಯೊಳಗಿಟ್ಟು, ಎಳೆತವು ಸ್ಕ್ರೂಗಳ ಮೇಲೆ ಬೀಳದಂತೆ ತಂತಿಯ ಹೊರಕವಚವನ್ನು ಕ್ಲಿಪ್ಪಿನಿಂದ ಹಿಡಿಸಬೇಕು. ಗೋಡೆಯೊಳಗಿನ ಕೆಲಸ ಲೈಸೆನ್ಸ್ ಉಳ್ಳ ವೈರ್‌ಮನ್‌ನದು.

ಎಕ್ಸ್‌ಟೆನ್ಷನ್ ತಂತಿಯಲ್ಲಿ ಗೋಡೆಯ ಕಡೆಗೆ ಪ್ಲಗ್, ಉಪಕರಣದ ಕಡೆಗೆ ಸಾಕೆಟ್ ಇರಬೇಕು. ತಿರುವುಮುರುವಾದರೆ ಪ್ಲಗ್ಗಿನ ಬರಿಯ ಕಡ್ಡಿಗಳಲ್ಲಿಯೇ ವಿದ್ಯುತ್ತು ನಿಂತಿರುತ್ತದೆ. ತಂತಿಯನ್ನು ಸುರುಳಿಯಲ್ಲಿಯೇ ಇಟ್ಟು ಬಳಸಬಾರದು, ಚಾಪೆಯಡಿ ಹಾಯಿಸಬಾರದು; ಒಳಗಿನ ಶಾಖ ಹೊರಗೆ ಹೋಗದು.

ಈಗ ನಮ್ಮ ಹೀಟರಿಗೆ ಮೂರೆಳೆಯ ಹೊಸ ತಂತಿ ಬಂದಿದೆ. ಇದನ್ನೆಲ್ಲ ಬಿಡಿಸಿ ಹೇಳಿದ ದಿನ ತಂದೆಯವರು ಸುಮ್ಮನೆ ಕೇಳಿದರು. ಮರುದಿನ ಪಕ್ಕದ ಮನೆಗೆ ತಾವೇ ಹೋಗಿ ಅಲ್ಲಿಯ ಗಂಟನ್ನು ಬಿಚ್ಚಿಸಿದರು.